ಸವಾಲು ಕೂಗಿದವನು ಹಣ ಕೊಡುವನೇ?

ಶಿಕಾರಿಪುರ ತಾಲ್ಲೂಕಿನ ಅಂಜನಾಪುರದಲ್ಲಿ ಕುಮುದ್ವತಿ ನದಿಗೆ ಕಟ್ಟಿರುವ ಜಲಾಶಯವನ್ನು ನಮ್ಮ ಓದುಗರಲ್ಲಿ ಕೆಲವರಾದರೂ ನೋಡಿರಬಹುದು. ಮಳೆಗಾಲದಲ್ಲಿ ಅದು ತುಂಬಿ ಕೋಡಿ ಬಿದ್ದಾಗ ಸುತ್ತಲಿನ ಊರುಗಳ ಜನ ನೋಡಲು ಬಂದು ಸೇರುತ್ತಾರೆ. ಆ ಸೀಮೆಯಲ್ಲಿ ಬತ್ತದ ಗದ್ದೆಗಳುಂಟು, ಅಡಿಕೆಯ ತೋಟಗಳುಂಟು. ಅಡಿಕೆ ಬೆಳೆಗಾರನ ಬಾಳಿನಲ್ಲಿ ಒಂದು ವಿಚಿತ್ರವಿದೆ. ಬೆಳೆಗಾರನಾಗಿ ಅವನಿಗೆ ವರ್ಷದ ಮುನ್ನೂರ ಅರವತ್ತೈದು ದಿನಗಳ ಅನುಭವವಿರುತ್ತದೆ. ಮಾರಾಟಗಾರನಾಗಿ ಮಾತ್ರ ಅವನಿಗೆ ದೊರೆಯುವುದು ವರ್ಷಕ್ಕೆ ಒಂದೆರಡು ದಿನಗಳ ಅನುಭವ. ಆ ಒಂದೆರಡು ದಿನಗಳಲ್ಲಿ ತಪ್ಪಿದರೆ ವರ್ಷದ ದುಡಿಮೆಯೇ ತಪ್ಪಿದಂತೆ.

ಈ ಕಷ್ಟ ಚೇಣಿಯಲ್ಲಿ ಎದ್ದು ಕಾಣುತ್ತದೆ. ಚೇಣಿ ಎಂದರೆ ಫಸಲು ಮರದ ಮೇಲೆ ಇರುವಾಗಲೇ ಅದನ್ನು ಒಬ್ಬನಿಗೆ ಒಪ್ಪಿಸಿಬಿಡುವುದು. ಕೊನೆ ಕೊಯ್ಯುವುದು, ಸುಲಿಯುವುದು, ಬೇಯಿಸಿ ಒಣಗಿಸುವುದು ಎಲ್ಲವೂ ಚೇಣಿದಾರನ ಹೊಣೆ. ಹಸಿ ಅಡಿಕೆಯ ತೂಕಕ್ಕೆ ತಕ್ಕ ಹಣವನ್ನೋ, ಇಷ್ಟು ಹಸಿಗೆ ಇಷ್ಟು ಒಣ ಅಡಿಕೆ ಎಂಬ ಕರಾರಿನಂತೆ ಸರಕನ್ನೋ ಅವನು ಬೆಳೆಗಾರನಿಗೆ ಕೊಡಬೇಕು. ಕೊನೆಗಳು ಒಮ್ಮೆ ತೋಟದಿಂದ ಹೊರಟುಹೋದ ಮೇಲೆ ಬೆಳೆಗಾರನ ಕೈಯಲ್ಲಿ ಉಳಿಯುವುದು ಮಾತೊಂದೇ. ಆದುದರಿಂದಲೇ ಅವನು ಚೇಣಿಗೆ ಒಪ್ಪುವ ಮುನ್ನ ನೆರೆಯ ತೋಟದವರನ್ನು ಕಂಡು, "ಹೋದ ವರ್ಷ ನಿಮ್ಮ ತೋಟ ಹಿಡಿದಿದ್ದವನು ಹೆಂಗೆ ಗೌಡ್ರೆ? ದುಡ್ಡು ಸರಿಯಾಗಿ ಕೊಟ್ನಾ?" ಎಂದು ವಿಚಾರಿಸುತ್ತಾನೆ.

ಸಾಮಾನ್ಯವಾಗಿ ತೋರುವ ಈ ಪ್ರಶ್ನೆಯ ಒಳಗೆ ಗಣಿತವೊಂದು ಅಡಗಿದೆ. ಅದನ್ನು ಬಿಡಿಸಿ ನೋಡಬೇಕಾದರೆ ನಾವು ಸ್ವಲ್ಪ ಹೊತ್ತು ಅಂಜನಾಪುರವನ್ನು ಬಿಟ್ಟು, ಕೇಳಲು ನೆರೆಯವರೇ ಇಲ್ಲದ ಒಂದು ಮಾರುಕಟ್ಟೆಗೆ ಹೋಗಬೇಕು.

ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದಲ್ಲಿ ಪಿಯರ್ ಒಮಿಡ್ಯಾರ್ ಎಂಬ ತರುಣನು 1995ರಲ್ಲಿ ಅಂತರಜಾಲದ ಮೇಲೆ ಒಂದು ಹರಾಜುಕಟ್ಟೆಯನ್ನು ತೆರೆದನು. ಮುಂದೆ ಈಬೇ ಎಂದು ಲೋಕಪ್ರಸಿದ್ಧವಾದದ್ದು ಇದೇ. ಅಲ್ಲಿ ಮೊದಲು ಮಾರಾಟವಾದ ವಸ್ತು ಕೆಟ್ಟುಹೋದ ಒಂದು ಲೇಸರ್ ದೀಪದ ಕಡ್ಡಿ. ಬಂದ ಬೆಲೆ 14 ಡಾಲರು 83 ಸೆಂಟು. ಕೆಟ್ಟದ್ದೆಂದು ತಿಳಿದೇ ಅದನ್ನು ಕೊಳ್ಳುವವನೊಬ್ಬ ಎಲ್ಲೋ ಇದ್ದನೆಂಬುದೇ ಈ ವ್ಯವಸ್ಥೆಯ ಸ್ವಾರಸ್ಯ. ಆದರೆ ಮಾರುವವನೂ ಕೊಳ್ಳುವವನೂ ಒಬ್ಬರ ಮುಖವನ್ನೊಬ್ಬರು ಕಾಣರು. ನೂರಾರು ಮೈಲಿಗಳ ಅಂತರ. ಹೆಸರೋ, ತಾವೇ ಇಟ್ಟುಕೊಂಡ ಅಂಕಿತ. ಜಗಳಗಳು ಬಲುಬೇಗ ಆರಂಭವಾದವು. ಎಲ್ಲ ವ್ಯಾಜ್ಯಗಳನ್ನೂ ತಾನೊಬ್ಬನೇ ತೀರಿಸಲಾರದೆ ಒಮಿಡ್ಯಾರನು 1996ರ ಫೆಬ್ರುವರಿಯಲ್ಲಿ ಒಂದು ಉಪಾಯವನ್ನು ಜಾರಿಗೆ ತಂದನು. ವ್ಯವಹಾರ ಮುಗಿದ ಬಳಿಕ ಇಬ್ಬರೂ ಪರಸ್ಪರರ ವಿಷಯವಾಗಿ ಒಂದು ಸಾಲಿನ ಅಭಿಪ್ರಾಯವನ್ನು ಎಲ್ಲರಿಗೂ ಕಾಣುವಂತೆ ಬರೆಯುವುದು. ಮೆಚ್ಚಿಗೆಗೆ ಒಂದು ಅಂಕ ಕೂಡುವುದು, ದೂರಿಗೆ ಒಂದು ಅಂಕ ಕಳೆಯುವುದು, ಎರಡೂ ಅಲ್ಲವಾದರೆ ಸೊನ್ನೆ. ಇದಕ್ಕೆ ಫೀಡ್‌ಬ್ಯಾಕ್ ಎಂದು ಹೆಸರಾಯಿತು. ನಾವು ಹಿಮ್ಮಾಹಿತಿ ಎನ್ನೋಣ.

ಈ ಪದ ಬಂದದ್ದು ನಮ್ಮ ಭೌತಶಾಸ್ತ್ರದ ಮನೆಯಿಂದಲೇ ಎಂಬುದನ್ನು ಇಲ್ಲಿ ಹೇಳದೆ ಇರಲಾರೆವು. ವರ್ಧಕದಿಂದ ಹೊರಬಂದ ಸಂಕೇತದ ಒಂದಂಶವನ್ನು ತಿರುಗಿ ಅದರ ಒಳಹರಿವಿಗೆ ಕೊಟ್ಟು ತಪ್ಪುಗಳನ್ನು ಅಡಗಿಸುವ ವಿಧಾನವನ್ನು ಹೆರಲ್ಡ್ ಬ್ಲ್ಯಾಕ್ ಎಂಬ ಎಂಜಿನಿಯರನು 1927ರಲ್ಲಿ ಕಂಡುಕೊಂಡನು. ಹಿಂದಕ್ಕೆ ಬರುವ ಸಂಕೇತ ಸರಿಯಾದ ಬಗೆಯಲ್ಲಿ ಸೇರಿದರೆ ಯಂತ್ರ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ತಪ್ಪು ಬಗೆಯಲ್ಲಿ ಸೇರಿದರೆ, ಊರ ಸಭೆಗಳಲ್ಲಿ ಧ್ವನಿವರ್ಧಕ ಇದ್ದಕ್ಕಿದ್ದಂತೆ ಕೀರಲುಗುಟ್ಟುವುದಲ್ಲವೇ, ಹಾಗಾಗುತ್ತದೆ. ಈ ಎರಡನೆಯ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅದು ಬೇಕಾಗುತ್ತದೆ.

ಹಣ ಕೈಸೇರಿದ ಮೇಲೆಯೇ ಸರಕನ್ನು ಕಳುಹಿಸುವ ಮಾರಾಟಗಾರನಿಗೆ ಕೊಳ್ಳುವವನ ಭಯವೇಕೆ ಎಂದು ಕೆಲವರು ಕೇಳಬಹುದು. ಹರಾಜಿನಲ್ಲಿ ಭಯಕ್ಕೆ ಕಾರಣಗಳುಂಟು. ಗೆದ್ದವನು ಹಣ ಕಳುಹಿಸದೆ ಸುಮ್ಮನಾದರೆ ಕೆಲವು ದಿನ ವ್ಯರ್ಥವಾಗುತ್ತವೆ. ಅಷ್ಟರಲ್ಲಿ ಎರಡನೆಯ ಸವಾಲುಗಾರ ಬೇರೆಡೆ ಕೊಂಡಿರುತ್ತಾನೆ. ಸರಕು ಕೈಗೆ ಬಂದಮೇಲೂ ಬರಲಿಲ್ಲವೆಂದು ದೂರಿ ಹಣವನ್ನು ಹಿಂದಕ್ಕೆ ಪಡೆಯುವವರಿದ್ದಾರೆ. ಎಲ್ಲಕ್ಕಿಂತ ಜಾಣತನದ ಮೋಸ ಇನ್ನೊಂದು. ಐದು ಸಾವಿರ ಬಾಳುವ ಒಂದು ಹಳೆಯ ಕ್ಯಾಮರಾ ಹರಾಜಿಗೆ ಬಂದಿದೆಯೆನ್ನಿ. ಒಬ್ಬನು ಆರುನೂರಕ್ಕೆ ಕೂಗುತ್ತಾನೆ. ಕೂಡಲೇ ಅವನ ಗೆಳೆಯನು ಇಪ್ಪತ್ತು ಸಾವಿರಕ್ಕೆ ಕೂಗುತ್ತಾನೆ. ಉಳಿದವರು ನಕ್ಕು ಹೊರಟುಹೋಗುತ್ತಾರೆ. ಹರಾಜು ಮುಗಿಯುವ ಕೊನೆಯ ಗಳಿಗೆಯಲ್ಲಿ ಗೆಳೆಯನು ತನ್ನ ಸವಾಲನ್ನು ಹಿಂದೆಗೆಯುತ್ತಾನೆ. ಕ್ಯಾಮರಾ ಆರುನೂರಕ್ಕೆ ಹೋಗುತ್ತದೆ.

ಹೀಗಾಗಿ ಅನುಭವಸ್ಥ ಮಾರಾಟಗಾರರು ಹರಾಜು ನಡೆಯುತ್ತಿರುವಾಗಲೇ ಸವಾಲುಗಾರರ ಚರಿತ್ರೆಯನ್ನು ತೆಗೆದು ನೋಡುವ ಅಭ್ಯಾಸ ಮಾಡಿಕೊಂಡರು. ಕೆಲವರು ತಮ್ಮ ಸರಕಿನ ವಿವರಣೆಯ ಕೆಳಗೆ, ಇಂತಿಷ್ಟು ಅಂಕಗಳಿಗಿಂತ ಕಡಮೆಯಿರುವವರು ಸವಾಲು ಕೂಗುವ ಮುನ್ನ ನಮಗೆ ಪತ್ರ ಬರೆಯತಕ್ಕದ್ದು ಎಂದು ಷರತ್ತು ಹಾಕಿದರು. ದೂರುಗಳಿರುವವನು ಕೂಗಿದರೆ ಅವನ ಸವಾಲನ್ನು ರದ್ದುಪಡಿಸಿದರು. ಆದರೆ ಒಬ್ಬನಿಗೆ ಎಷ್ಟು ಮೆಚ್ಚಿಗೆಗಳಿದ್ದರೆ ಸಾಕು? ಒಂದು ದೂರು ಎಷ್ಟು ಮೆಚ್ಚಿಗೆಗಳಿಗೆ ಸಮ? ಇಲ್ಲಿ ಊಹೆಯನ್ನು ಬಿಟ್ಟು ಲೆಕ್ಕಕ್ಕೆ ಕೈಹಾಕೋಣ.

ಥಾಮಸ್ ಬೇಯ್ಸ್ ಎಂಬ ಇಂಗ್ಲಿಷ್ ಪಾದ್ರಿಯ ಪ್ರಬಂಧವೊಂದು ಅವನು ತೀರಿಕೊಂಡ ಎರಡು ವರ್ಷಗಳ ಮೇಲೆ, 1763ರಲ್ಲಿ, ಪ್ರಕಟವಾಯಿತು. ಕಣ್ಣಿಗೆ ಕಂಡ ಫಲದಿಂದ ಕಾಣದ ಕಾರಣವನ್ನು ಎಷ್ಟರಮಟ್ಟಿಗೆ ಊಹಿಸಬಹುದೆಂಬುದೇ ಅದರ ವಿಷಯ. ಅವನ ವಿಧಾನವನ್ನು ನಮ್ಮ ಸವಾಲುಗಾರರಿಗೆ ಅನ್ವಯಿಸೋಣ. ಒಂದು ಮಾರುಕಟ್ಟೆಯಲ್ಲಿ 10,000 ಮಂದಿ ಕೊಳ್ಳುವವರಿದ್ದಾರೆಂದೂ, ಅವರಲ್ಲಿ 9,500 ಮಂದಿ ಪ್ರಾಮಾಣಿಕರು, 500 ಮಂದಿ ವಂಚಕರೆಂದೂ ಭಾವಿಸಿರಿ. ಪ್ರಾಮಾಣಿಕನೂ ಒಮ್ಮೊಮ್ಮೆ ಕಾಯಿಲೆಯಿಂದಲೋ ಮರೆವಿನಿಂದಲೋ ಹಣ ಕೊಡದೆ ತಪ್ಪುತ್ತಾನೆ. ನೂರಕ್ಕೆ ಒಂದು ಸಲ ಎನ್ನೋಣ. ವಂಚಕನೂ ಪ್ರತಿಸಲವೂ ವಂಚಿಸುವುದಿಲ್ಲ. ಹಾಗೆ ಮಾಡಿದರೆ ಅವನ ಕಸುಬು ಒಂದೇ ದಿನಕ್ಕೆ ಮುಗಿಯುತ್ತದೆ. ಎರಡು ಸಲಕ್ಕೆ ಒಂದು ಸಲ ಎನ್ನೋಣ. ಈ ಸಂಖ್ಯೆಗಳು ಲೆಕ್ಕಕ್ಕಾಗಿ ನಾವು ಇಟ್ಟುಕೊಂಡವು.

ಎಲ್ಲರೂ ಒಂದೊಂದು ಸಲ ಕೊಂಡರೆ ಪ್ರಾಮಾಣಿಕರಲ್ಲಿ 95 ಮಂದಿಯೂ ವಂಚಕರಲ್ಲಿ 250 ಮಂದಿಯೂ ಹಣ ಕೊಡದೆ ಉಳಿಯುತ್ತಾರೆ. ಒಟ್ಟು ಕೊಡದವರು 345. ಅವರಲ್ಲಿ 250 ಮಂದಿ, ಎಂದರೆ ನೂರಕ್ಕೆ ಸುಮಾರು 72 ಮಂದಿ, ವಂಚಕರು. ಇನ್ನು ಹಣ ಕೊಟ್ಟವರ ಲೆಕ್ಕ. ಪ್ರಾಮಾಣಿಕರು 9,405, ವಂಚಕರು 250. ಎಂದರೆ ಕೊಟ್ಟವರಲ್ಲಿ ವಂಚಕರು ನೂರಕ್ಕೆ ಸುಮಾರು 2.6. ಈಗ ಹೋಲಿಸಿ ನೋಡಿರಿ. ಏನೂ ತಿಳಿಯದಿದ್ದಾಗ ಒಬ್ಬನ ಮೇಲೆ ನಮಗಿದ್ದ ಸಂಶಯ ನೂರಕ್ಕೆ 5. ಒಂದು ಮೆಚ್ಚಿಗೆ ಅದನ್ನು ಸುಮಾರು ಅರ್ಧಕ್ಕೆ ಇಳಿಸಿತು, ಅಷ್ಟೆ. ಒಂದು ದೂರು ಅದನ್ನು ಹದಿನಾಲ್ಕು ಪಟ್ಟು ಏರಿಸಿತು! ಮಾರಾಟಗಾರರು ಮೆಚ್ಚಿಗೆಗಳ ರಾಶಿಯನ್ನು ಬದಿಗೊತ್ತಿ ಮೊದಲು ದೂರುಗಳನ್ನೇ ಹುಡುಕುವುದು ಮನಸ್ಸಿನ ಕಹಿಯಿಂದಲ್ಲ. ದೂರು ಅಪರೂಪವಾದುದರಿಂದಲೇ ಅದು ಹೆಚ್ಚು ಸುದ್ದಿಯನ್ನು ಹೊತ್ತು ತರುತ್ತದೆ.

ಒಮ್ಮೆ ತಪ್ಪಿದವನು ತನ್ನ ಹೆಸರನ್ನು ಸರಿಪಡಿಸಿಕೊಳ್ಳಲು ಎಷ್ಟು ಸಲ ಸರಿಯಾಗಿ ನಡೆದುಕೊಳ್ಳಬೇಕು? ವಂಚಕರಿಗೂ ಪ್ರಾಮಾಣಿಕರಿಗೂ ಇರುವ ಪ್ರಮಾಣವನ್ನು ಒಂದು ದೂರು 50ರಿಂದ ಗುಣಿಸುತ್ತದೆ, ಒಂದು ಮೆಚ್ಚಿಗೆ ಸುಮಾರು 2ರಿಂದ ಭಾಗಿಸುತ್ತದೆ. ಎರಡನ್ನು ಐದು ಸಲ ಗುಣಿಸಿದರೆ 32, ಆರು ಸಲ ಗುಣಿಸಿದರೆ 64. ಆದುದರಿಂದ ಐದು ಸಾಲದು, ಆರು ಬೇಕು. ಆರು ವ್ಯವಹಾರಗಳನ್ನು ಚೊಕ್ಕವಾಗಿ ಮುಗಿಸಿದ ಮೇಲೆ ಅವನು ಮೊದಲಿದ್ದ ನಂಬಿಕೆಯ ಮಟ್ಟಕ್ಕೆ ಮರಳುತ್ತಾನೆ.

ಈ ಆರು ಎಂಬ ಸಂಖ್ಯೆಯನ್ನು ಹಿಡಿದುಕೊಂಡು ಈಗ ಅಂಜನಾಪುರಕ್ಕೆ ಹಿಂತಿರುಗಿರಿ. ಅಲ್ಲಿನ ಬೆಳೆಗಾರನಿಗೆ ಚೇಣಿದಾರನ ನಡತೆಯನ್ನು ನೋಡುವ ಅವಕಾಶ ವರ್ಷಕ್ಕೊಮ್ಮೆ. ತನ್ನೊಬ್ಬನ ಅನುಭವವನ್ನೇ ನೆಚ್ಚಿದರೆ ಆರು ವ್ಯವಹಾರಗಳನ್ನು ನೋಡಲು ಅವನಿಗೆ ಆರು ವರ್ಷಗಳು ಬೇಕು. ಮೋಸ ಹೋಗಿ ಕಲಿಯಬೇಕಾದರೆ ಒಂದು ಫಸಲಿನ ಬೆಲೆಯನ್ನು ತೆರಬೇಕು. ಅದೇ ಚೇಣಿದಾರನು ಒಂದೇ ಸುಗ್ಗಿಯಲ್ಲಿ ಹನ್ನೆರಡು ತೋಟಗಳನ್ನು ಹಿಡಿದಿದ್ದರೆ, ಆ ಹನ್ನೆರಡು ಮಂದಿಯನ್ನು ಕೇಳಿದವನಿಗೆ ಹನ್ನೆರಡು ವರ್ಷಗಳ ತಿಳಿವಳಿಕೆ ಒಂದು ಮಧ್ಯಾಹ್ನದಲ್ಲಿ ದೊರೆಯುತ್ತದೆ. ಹಿಮ್ಮಾಹಿತಿಯ ನಿಜವಾದ ಶಕ್ತಿ ಇದೇ. ಒಬ್ಬೊಬ್ಬರಲ್ಲಿ ಚೂರುಚೂರಾಗಿರುವ ವಿರಳ ಅನುಭವವನ್ನು ಅದು ಒಂದೆಡೆ ಕೂಡಿಸುತ್ತದೆ. ಶಿರಸಿಯ ತೋಟಗಾರರು 1923ರಲ್ಲಿಯೇ ತಮ್ಮ ಸಹಕಾರಿ ಮಾರಾಟ ಸಂಘವನ್ನು ಕಟ್ಟಿದರು. ಶಿವಮೊಗ್ಗದಲ್ಲಿ 1939ರಲ್ಲಿ ಮ್ಯಾಮ್ಕೋಸ್ ಹುಟ್ಟಿತು. ಇಂಥ ಸಂಘಗಳ ಪ್ರಯೋಜನವನ್ನು ಹೇಳುವಾಗ ಸಾಲ, ಉಗ್ರಾಣ, ತೂಕ ಇವುಗಳನ್ನೇ ಎಲ್ಲರೂ ಎಣಿಸುತ್ತಾರೆ. ನಮ್ಮ ದೃಷ್ಟಿಯಲ್ಲಿ ಅವುಗಳ ಖಾತೆಪುಸ್ತಕವೂ ಅಷ್ಟೇ ದೊಡ್ಡ ಆಸ್ತಿ: ಯಾವ ವರ್ತಕನು ಯಾವಾಗ ಎಷ್ಟು ಕೊಂಡನು, ಯಾವ ದಿನ ಹಣ ಕಟ್ಟಿದನು ಎಂಬುದು ಸಾವಿರಾರು ಬೆಳೆಗಾರರ ಪರವಾಗಿ ಒಂದೇ ಕಡೆ ಬರೆದಿರುತ್ತದೆ.

ಆದರೆ ನಮ್ಮ ಲೆಕ್ಕದಲ್ಲಿ ಎರಡು ಮೂರು ಬಿರುಕುಗಳಿವೆ. ಅವನ್ನು ಮುಚ್ಚಿಡುವುದು ವಿಜ್ಞಾನಕ್ಕೆ ಸಲ್ಲದು.

ಮೊದಲನೆಯದಾಗಿ, ಒಂದೊಂದು ವ್ಯವಹಾರವೂ ಇನ್ನೊಂದರಂತೆಯೇ ಎಂದು ಭಾವಿಸಿದೆವು. ನಾಣ್ಯವನ್ನು ಚಿಮ್ಮುವಾಗ ಅದು ನಿಜ, ನಾಣ್ಯಕ್ಕೆ ದುರಾಲೋಚನೆಯಿಲ್ಲ. ಮನುಷ್ಯನು ಹತ್ತು ಸಣ್ಣ ವಸ್ತುಗಳನ್ನು ಕೊಂಡು ಹತ್ತು ಮೆಚ್ಚಿಗೆಗಳನ್ನು ಸಂಪಾದಿಸಿ, ಹನ್ನೊಂದನೆಯ ಸಲ ದುಬಾರಿಯ ವಸ್ತುವಿಗೆ ಕೈಹಾಕಬಲ್ಲನು. ನಾಲ್ಕು ಮೂಟೆ ಅಡಿಕೆಗೆ ಅಂದೇ ಎಣಿಸಿಕೊಟ್ಟವನು ನಲವತ್ತು ಮೂಟೆಗಳನ್ನು ಕಡ ಕೇಳಿದಾಗ ಹಳೆಯ ನಾಲ್ಕರ ಸಾಕ್ಷ್ಯ ಅಷ್ಟಾಗಿ ನೆರವಿಗೆ ಬಾರದು. ಆದುದರಿಂದ ಜಾಣ ಮಾರಾಟಗಾರನು ಅಂಕವನ್ನಷ್ಟೇ ನೋಡದೆ, ಆ ಅಂಕ ಎಂತಹ ಸರಕಿನಿಂದ ಬಂದಿತು, ಎಷ್ಟು ಕಾಲದಲ್ಲಿ ಬಂದಿತು ಎಂಬುದನ್ನೂ ನೋಡುತ್ತಾನೆ. ಒಂದೇ ವಾರದಲ್ಲಿ ಕೂಡಿದ ಇಪ್ಪತ್ತು ಮೆಚ್ಚಿಗೆಗಳಿಗಿಂತ ಮೂರು ವರ್ಷಗಳಲ್ಲಿ ಹರಡಿದ ಎಂಟು ಮೇಲು.

ಎರಡನೆಯದು ಇನ್ನೂ ಆಳವಾದದ್ದು. ಬರೆದವರು ನಿಜವನ್ನೇ ಬರೆದರೆಂದು ಹೇಗೆ ನಂಬುವುದು? ಪಾಲ್ ರೆಸ್ನಿಕ್ ಮತ್ತು ರಿಚರ್ಡ್ ಝೆಕ್‌ಹೌಸರ್ ಎಂಬ ವಿದ್ವಾಂಸರು ಈಬೇಯ 1999ರ ವ್ಯವಹಾರಗಳನ್ನು ಪರೀಕ್ಷಿಸಿ 2002ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕೊಂಡವರಲ್ಲಿ ಅಭಿಪ್ರಾಯ ಬರೆದವರು ಅರ್ಧಕ್ಕೆ ತುಸು ಮೇಲೆ. ಬರೆದ ಅಭಿಪ್ರಾಯಗಳಲ್ಲಿ ನೂರಕ್ಕೆ 99ಕ್ಕೂ ಮೀರಿ ಮೆಚ್ಚಿಗೆ! ಲೋಕ ಇಷ್ಟು ಒಳ್ಳೆಯದಾಗಿದ್ದರೆ ನ್ಯಾಯಾಲಯಗಳಿಗೆ ಕೆಲಸವಿರುತ್ತಿರಲಿಲ್ಲ. ಕಾರಣ ಸ್ಪಷ್ಟವೇ ಇದೆ. ಇಬ್ಬರೂ ಪರಸ್ಪರರನ್ನು ಕುರಿತು ಬಹಿರಂಗವಾಗಿ ಬರೆಯುವ ವ್ಯವಸ್ಥೆಯಲ್ಲಿ, ನಾನು ದೂರು ಬರೆದರೆ ನೀನೂ ಸೇಡಿಗಾಗಿ ಬರೆಯುವೆ ಎಂಬ ಅಂಜಿಕೆಯಿರುತ್ತದೆ. ಅದಕ್ಕಾಗಿ ಕೆಲವರು ಮೊದಲು ತಾವು ಬರೆಯದೆ, ಎದುರಿನವನು ಏನು ಬರೆಯುವನೋ ಎಂದು ಕಾದು ಕುಳಿತರು. ಅಸಮಾಧಾನಗೊಂಡವರು ದೂರುವ ಬದಲು ಮೌನವಾಗಿ ಹೊರಟುಹೋದರು. ಧ್ವನಿವರ್ಧಕದ ಕೀರಲು ಧ್ವನಿಯನ್ನು ಇಲ್ಲಿ ನೆನೆಯಿರಿ: ಸಂಕೇತ ಹಿಂದಕ್ಕೆ ಬರುತ್ತಿತ್ತು, ಆದರೆ ಸುದ್ದಿಯನ್ನಲ್ಲ, ತನ್ನದೇ ಪ್ರತಿಧ್ವನಿಯನ್ನು ಹೊತ್ತು ತರುತ್ತಿತ್ತು.

ಈಬೇ ಕಡೆಗೆ 2008ರ ಮೇ ತಿಂಗಳಿನಿಂದ ಒಂದು ಕಠಿಣ ನಿಯಮವನ್ನು ತಂದಿತು. ಮಾರುವವರು ಕೊಳ್ಳುವವರ ಮೇಲೆ ದೂರನ್ನು ಬರೆಯುವಂತಿಲ್ಲ. ಮೆಚ್ಚಿಗೆ ಬರೆಯಬಹುದು, ಇಲ್ಲವೇ ಸುಮ್ಮನಿರಬಹುದು. ಕೊಳ್ಳುವವರ ಸೇಡಿನ ಭಯ ಹೋಯಿತು, ನಿಜ. ಆದರೆ ಕೊಳ್ಳುವವನ ಅಂಕವನ್ನು ನೋಡಿ ಅವನನ್ನು ಅಳೆಯುವ ಮಾರ್ಗ ಮಾರಾಟಗಾರರಿಗೆ ಅಂದಿಗೆ ಮುಚ್ಚಿತು. ದೂರೇ ಬರಲಾರದ ಕಡೆ ಮೆಚ್ಚಿಗೆಗೆ ಅರ್ಥವೇನು? ಅದಕ್ಕೆ ಪ್ರತಿಯಾಗಿ ಬಂದ ಏರ್ಪಾಡು ಬೇರೆ ರೀತಿಯದು. ಹಣ ಕೊಡದವನ ಸುದ್ದಿಯನ್ನು ಮಾರಾಟಗಾರನು ಹರಾಜುಕಟ್ಟೆಯವರಿಗೆ ತಿಳಿಸುತ್ತಾನೆ. ಅವರು ಅದನ್ನು ಎಣಿಸಿಡುತ್ತಾರೆ. ಹಲವು ಸಲ ಹೀಗೆ ಮಾಡಿದವರು ತನ್ನ ಸರಕಿಗೆ ಸವಾಲು ಕೂಗದಂತೆ ಮಾರಾಟಗಾರನು ಮೊದಲೇ ತಡೆಯೊಡ್ಡಬಹುದು. ಇಲ್ಲಿ ಲೆಕ್ಕಕ್ಕೆ ಬರುವುದು ಅಭಿಪ್ರಾಯವಲ್ಲ, ಘಟನೆ. ನಮಗೆ ಇದೇ ಹೆಚ್ಚು ಒಪ್ಪಿಗೆಯಾಗುತ್ತದೆ. ಉಷ್ಣತೆಯನ್ನು ಅಳೆಯುವಾಗ ಸೆಕೆಯಾಯಿತೇ ಎಂದು ಕೇಳುವುದಕ್ಕಿಂತ ಪಾದರಸವನ್ನು ನೋಡುವುದು ಮೇಲಲ್ಲವೇ?

ಇನ್ನೊಂದು ಪರಿಹಾರವೂ ಉಂಟು, ಅದು ಬಹು ಸೊಗಸಾದದ್ದು. ಮನೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡಿಸುವ ಏರ್‌ಬಿಎನ್‌ಬಿ ಸಂಸ್ಥೆ 2014ರಲ್ಲಿ, ಇಬ್ಬರ ಅಭಿಪ್ರಾಯಗಳನ್ನೂ ಮುಚ್ಚಿದ ಲಕೋಟೆಯಲ್ಲಿಟ್ಟಂತೆ ಇಟ್ಟುಕೊಂಡು, ಇಬ್ಬರೂ ಬರೆದ ಮೇಲೆ ಅಥವಾ ಅವಧಿ ಮುಗಿದ ಮೇಲೆ ಒಟ್ಟಿಗೆ ತೆರೆಯುವ ಕ್ರಮವನ್ನು ಕೈಗೊಂಡಿತು. ಎದುರಿನವನು ಬರೆದದ್ದು ಕಾಣದಿದ್ದ ಮೇಲೆ ಅದಕ್ಕೆ ಸೇಡು ತೀರಿಸುವುದೆಂತು?

ಮೂರನೆಯ ಬಿರುಕು ಹೆಸರಿನದು. ಅಂತರಜಾಲದಲ್ಲಿ ಹೆಸರು ಕೆಟ್ಟವನು ಅದನ್ನು ಹಳೆಯ ಅಂಗಿಯಂತೆ ಕಳಚಿ ಹೊಸ ಹೆಸರಿನಿಂದ ಬರಬಹುದು, ಖರ್ಚಿಲ್ಲ. ಹಾಗಾದಾಗ ಯಾರ ಹೆಸರಿನ ಮೇಲೂ ದೂರುಗಳು ನಿಲ್ಲವು, ದೂರುಗಳೆಲ್ಲ ಬಿಟ್ಟುಹೋದ ಹೆಸರುಗಳ ಮೇಲೆ ಉಳಿಯುತ್ತವೆ. ಎರಿಕ್ ಫ್ರೀಡ್‌ಮನ್ ಮತ್ತು ರೆಸ್ನಿಕ್ 2001ರಲ್ಲಿ ಗಣಿತದಿಂದ ತೋರಿಸಿದುದು ಇದನ್ನೇ: ಹೆಸರು ಅಗ್ಗವಾದ ಕಡೆ ಹೊಸಬರನ್ನೆಲ್ಲ ಅನುಮಾನದಿಂದ ನೋಡುವುದು ಅನಿವಾರ್ಯವಾಗುತ್ತದೆ. ಪ್ರಾಮಾಣಿಕನಾದ ಹೊಸಬನೂ ಕೆಲಕಾಲ ಕಳ್ಳನಿಗೆ ಸಲ್ಲುವ ಮರ್ಯಾದೆಯನ್ನೇ ಅನುಭವಿಸಬೇಕು. ಇದು ಅನ್ಯಾಯ, ಆದರೆ ಈ ಅನ್ಯಾಯ ಮಾರಾಟಗಾರನದಲ್ಲ, ಅಗ್ಗದ ಹೆಸರಿನದು.

ನಮ್ಮ ಕೃಷಿ ಮಾರುಕಟ್ಟೆಗಳು ಈ ಗಂಟನ್ನು ಬಿಡಿಸಿರುವ ಬಗೆ ಈಗ ಅರ್ಥವಾದೀತು. ಕರ್ನಾಟಕ ಸರ್ಕಾರವು 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿದಂದಿನಿಂದ ಮಾರುಕಟ್ಟೆ ಸಮಿತಿಗಳ ಪ್ರಾಂಗಣಗಳಲ್ಲಿ ಕೂಗುವ ಹರಾಜಿನ ಜಾಗಕ್ಕೆ ಗಣಕಯಂತ್ರದ ಟೆಂಡರು ಬಂದಿತು. ರಾಶಿಗೆ ಒಂದು ಸಂಖ್ಯೆ. ವರ್ತಕರು ಮಾದರಿಯನ್ನು ನೋಡಿ, ಒಬ್ಬರ ಬೆಲೆ ಇನ್ನೊಬ್ಬರಿಗೆ ಕಾಣದಂತೆ, ಗೊತ್ತಾದ ಹೊತ್ತಿನೊಳಗೆ ಬೆಲೆ ನಮೂದಿಸುತ್ತಾರೆ. ಹೆಚ್ಚಿನ ಬೆಲೆ ಪ್ರಕಟವಾಗುತ್ತದೆ. ಒಪ್ಪುವುದು ಬಿಡುವುದು ರೈತನ ಇಚ್ಛೆ. ಇಲ್ಲಿ ರೈತನು ಸವಾಲುಗಾರನ ಅಂಕವನ್ನು ನೋಡುವುದಿಲ್ಲ, ನೋಡಬೇಕಾಗಿಯೂ ಇಲ್ಲ. ಜರಡಿ ಹಿಡಿಯುವ ಕೆಲಸ ಹರಾಜಿಗೆ ಮುನ್ನವೇ ಬಾಗಿಲಲ್ಲಿ ನಡೆದಿರುತ್ತದೆ. ಸಮಿತಿಯ ಪರವಾನಗಿಯಿಲ್ಲದವನು ಬೆಲೆ ನಮೂದಿಸುವಂತಿಲ್ಲ. ಪರವಾನಗಿಗೆ ಭದ್ರತೆ ಒದಗಿಸಬೇಕು. ಹಣ ಕಟ್ಟದವನು ಪರವಾನಗಿಯನ್ನು ಕಳೆದುಕೊಳ್ಳಬಹುದು. ಹೆಸರನ್ನು ಬೇಕೆಂದೇ ದುಬಾರಿ ಮಾಡಿರುವುದು ಇದು. ಬೆಲೆಯಿರುವ ಹೆಸರನ್ನು ಯಾರೂ ಸುಲಭವಾಗಿ ಕಳಚಿ ಎಸೆಯರು.

ಚೇಣಿಗೆ ಇಂಥ ಬಾಗಿಲಿಲ್ಲ. ಅಲ್ಲಿ ಮಾತೇ ಪರವಾನಗಿ, ನೆರೆಯವರ ನೆನಪೇ ಖಾತೆಪುಸ್ತಕ. ಆದುದರಿಂದ ಬೆಳೆಗಾರನು ಕೇಳುವ ಪ್ರಶ್ನೆಯನ್ನು ಸ್ವಲ್ಪ ತಿದ್ದಿಕೊಂಡರೆ ಹೆಚ್ಚಿನ ಸುದ್ದಿ ಸಿಕ್ಕೀತು. "ಅವನು ಹೇಗೆ?" ಎಂದರೆ ಬರುವ ಉತ್ತರ ಬಹುಮಟ್ಟಿಗೆ "ಪರವಾಗಿಲ್ಲ" ಎಂದೇ, ಊರಿನಲ್ಲಿಯೂ ಸೇಡಿನ ಅಂಜಿಕೆಯುಂಟು, ನೆಂಟಸ್ತಿಕೆಯ ದಾಕ್ಷಿಣ್ಯವುಂಟು. "ಕೊನೆಯ ಕಂತು ಯಾವ ತಿಂಗಳು ಬಂತು?" ಎಂದರೆ ಉತ್ತರ ಒಂದು ತಿಂಗಳಿನ ಹೆಸರಾಗಿರಬೇಕಾಗುತ್ತದೆ. "ಈ ವರ್ಷವೂ ಅವನಿಗೇ ಕೊಟ್ಟಿರಾ?" ಎಂಬುದು ಅದಕ್ಕಿಂತಲೂ ಒಳ್ಳೆಯ ಪ್ರಶ್ನೆ, ಬಾಯಿ ದೂರದಿದ್ದರೂ ತೋಟ ಕೈಬದಲಾಯಿಸಿದ್ದು ಅಡಗುವುದಿಲ್ಲ.

ಲೆಕ್ಕದಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಗಳಿಗೆ ಒಂದು ಅಭ್ಯಾಸ ಉಳಿದಿದೆ. ಮಾರುಕಟ್ಟೆ ಕೆಟ್ಟು, ವಂಚಕರು ನೂರಕ್ಕೆ 5ರ ಬದಲು 20 ಆದರೆನ್ನಿ. ಆಗ ಒಂದು ದೂರು ಬಂದವನ ಮೇಲಿನ ಸಂಶಯ ನೂರಕ್ಕೆ 72ರಿಂದ ಸುಮಾರು 93ಕ್ಕೆ ಏರುವುದನ್ನು ನೀವೇ ಕಂಡುಕೊಳ್ಳಬಹುದು. ಆದರೆ ಅವನು ಮೊದಲಿನ ಮಟ್ಟಕ್ಕೆ ಮರಳಲು ಬೇಕಾದ ಮೆಚ್ಚಿಗೆಗಳು ಆಗಲೂ ಆರೇ. ವಂಚಕರ ಸಂಖ್ಯೆಯನ್ನು ಏನು ಬದಲಾಯಿಸಿದರೂ ಈ ಆರು ಬದಲಾಗದು. ಪ್ರಾಮಾಣಿಕನು ನೂರಕ್ಕೆ ಒಂದರ ಬದಲು ಎರಡು ಸಲ ತಪ್ಪುವನೆಂದು ಇಟ್ಟುಕೊಂಡರೆ ಮಾತ್ರ ಅದು ಐದಕ್ಕೆ ಇಳಿಯುತ್ತದೆ. ಏಕೆ ಹೀಗೆ ಎಂಬುದನ್ನು ಕಾಗದ ಪೆನ್ಸಿಲು ಹಿಡಿದು ಕಂಡುಹಿಡಿಯಿರಿ.